ಜಾನ್ ಡೆನ್ವರ್: ಯಾವ ಆಲ್ಬಮ್ ಕೊಳ್ಳೋದು?

ಅಮೆರಿಕದ ಗಾಯಕ ಡೆನ್ವರ್ ಅವರ 1973ರ 'ಗ್ರೇಟೆಸ್ಟ್ ಹಿಟ್ಸ್', 1977ರ ಅದರ ಎರಡನೇ ಸಂಪುಟ, 1975ರ ಲೈವ್ ಆಲ್ಬಮ್. ಮೂರರಲ್ಲಿ ಯಾವುದು?

ಅವರ ಹೆಸರಾಂತ ಹಾಡು 'ಕಂಟ್ರಿ ರೋಡ್ಸ್' ಬಿಟ್ಟು ಬೇರೇನೂ ಕೇಳಿಲ್ಲದವರಿಗೆ ಮೊದಲನೆಯದೇ ಸಲೀಸು. ಇರುವುದು ಹನ್ನೊಂದೇ ಹಾಡು. ಆದರೆ ಹಳೆಯ ಕೆಲವು ಹಾಡುಗಳನ್ನು ಡೆನ್ವರ್ ಇದಕ್ಕಾಗಿಯೇ ಮತ್ತೆ ಹಾಡಿ ರೆಕಾರ್ಡ್ ಮಾಡಿದ್ದಾರೆ. ನನ್ನ ಕಿವಿಗೆ ಈ ದನಿಯೇ ಹೆಚ್ಚು ಹಿತ. ಮೂಲ ರೂಪವೇ ಬೇಕು ಅನ್ನುವವರು ಆಯಾ ಹಳೆಯ ಆಲ್ಬಮ್‌ಗಳಿಗೇ ಹೋಗಬೇಕು.

ಅವರ ಇನ್ನೊಂದು ಹಾಡು 'ಆನೀಸ್ ಸಾಂಗ್' ಬಂದದ್ದು 1974ರಲ್ಲಿ. ಹಾಗಾಗಿ ಅದು ಸಿಗುವುದು ಎರಡನೇ ಸಂಪುಟದಲ್ಲಿ.

ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆದ ಲೈವ್‌ನಲ್ಲಿ 'ಕಂಟ್ರಿ ರೋಡ್ಸ್', 'ಆನೀಸ್ ಸಾಂಗ್' ಎರಡೂ ಇವೆ. ಆದರೆ ಅದು ಎರಡು ಎಲ್‌ಪಿ ತಟ್ಟೆಗಳಷ್ಟು (ಹಳೆಯ ದೊಡ್ಡ ಗ್ರಾಮಫೋನ್ ರೆಕಾರ್ಡ್) ಉದ್ದ, ಚಪ್ಪಾಳೆ ಬೇರೆ. ಕೂತು ಕೇಳುವವರಿಗೆ ಅದೇ ಮಜಾ. ಕೆಲಸದ ನಡುವೆ ಸುಮ್ನೆ ಹಾಕಿಕೊಳ್ಳುವವರಿಗೆ ಕಿರಿಕಿರಿ ಅಲ್ವಾ? ಅಂಥವರಿಗೆ ಸ್ಟುಡಿಯೋದವೇ ಸರಿ.