ಮ್ಯಾಕ್‌ಡೊನಾಲ್ಡ್ಸ್, ವರ್ಷಗಟ್ಟಲೆ ಬಳಸಿದ ಮೇಲೆ: ರುಚಿದ್ದಲ್ಲ, ಮ್ಯಾಪಿನ ರಿವ್ಯೂ

ಬರ್ಗರ್ ಹೇಗುಂಟು ಅಂತ ನಾನು ಬರೆಯುದಿಲ್ಲ, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ, ಆಲೂ ಟಿಕ್ಕಿ ಅಂದ್ರೆ ಆಲೂ ಟಿಕ್ಕಿ, ಮುಗೀತು. ನಾನು ಬರೀತಿರುದು ಈ ಅಂಗಡಿ ಎಲ್ಲೆಲ್ಲಿ ಸಿಗ್ತದೆ, ಯಾಕೆ ಅಲ್ಲೇ ಸಿಗ್ತದೆ ಅಂತ. ನನ್ನದು ಲ್ಯಾಬ್ ಮಷೀನ್ ಸರ್ವಿಸ್ ಮಾಡುವ ಕೆಲಸ, ಮನೆ ಮುಂಬೈಯ ಮುಲುಂಡ್, ಊರು ಕಾರ್ಕಳ ಬದಿ, ಅರ್ಧ ತಿಂಗಳು ಬ್ಯಾಗ್ ಹೆಗಲ ಮೇಲೇ. ಇವತ್ತು ಪುಣೆ, ಆಚೆ ವಾರ ನಾಗಪುರ, ಅದರ ಮೇಲೆ ಡೆಲ್ಲಿ. ಹೀಗೆ ತಿರುಗುವವನಿಗೆ ಒಂದು ಚೈನ್ ಅಂದ್ರೆ ಊಟಕ್ಕಿಂತ ಜಾಸ್ತಿ ಒಂದು ಗ್ಯಾರಂಟಿ: ಎಸಿ, ಕ್ಲೀನ್ ಟಾಯ್ಲೆಟ್, ಮೊದಲೇ ಗೊತ್ತಿರುವ ರೇಟು, ಹೊಟ್ಟೆ ಕೆಡದ ಒಂದು ಐಟಮ್ಮು. ಆ ಗ್ಯಾರಂಟಿ ನಾನು ಇಳಿಯುವ ಕಡೆ ಉಂಟಾ ಇಲ್ವಾ ಅನ್ನುದೇ ನನಗೆ ಮುಖ್ಯ, ಇಡೀ ದೇಶದಲ್ಲಿ ಎಷ್ಟು ಔಟ್‌ಲೆಟ್ ಅಂತ ಲೆಕ್ಕ ಕಟ್ಟಿಕೊಂಡು ನನಗೆಂತ ಆಗ್ಬೇಕು.

ಫಸ್ಟ್ ತಿಳ್ಕೊಳ್ಳಬೇಕಾದ್ದು, ಬೋರ್ಡು ಒಂದೇ ಆದ್ರೂ ಒಳಗೆ ಕಂಪನಿ ಎರಡು. 1996ರಲ್ಲಿ ಇವರು ಇಂಡಿಯಾಕ್ಕೆ ಬಂದದ್ದು, ಅಕ್ಟೋಬರಲ್ಲಿ ಡೆಲ್ಲಿಯ ವಸಂತ್ ವಿಹಾರದಲ್ಲಿ ಒಂದು, ಅದರ ಬೆನ್ನಿಗೇ ನಮ್ಮ ಬಾಂದ್ರಾ ಲಿಂಕಿಂಗ್ ರೋಡಲ್ಲಿ ಒಂದು. ಆವಾಗಲೇ ದೇಶವನ್ನು ಪಾಲು ಮಾಡಿ ಕೊಟ್ಟಾಗಿತ್ತು, ಪಶ್ಚಿಮದ ಬದಿ ಅಮಿತ್ ಜತಿಯಾ ಅವರ ಹಾರ್ಡ್‌ಕ್ಯಾಸಲ್, ಉತ್ತರದ ಬದಿ ವಿಕ್ರಮ್ ಬಕ್ಷಿ ಅವರ ಕನಾಟ್ ಪ್ಲಾಜಾ ರೆಸ್ಟೋರೆಂಟ್ಸ್. ಆಮೇಲೆ ದಕ್ಷಿಣವೂ ಜತಿಯಾ ಅವರ ಕೈಗೆ ಬಂತು, ಪೂರ್ವ ಆಚೆಯವರಿಗೆ ಹೋಯ್ತು. ಈಗ ಜತಿಯಾ ಅವರದ್ದು ವೆಸ್ಟ್‌ಲೈಫ್ ಅಂತ ಷೇರು ಮಾರ್ಕೆಟ್ಟಲ್ಲಿರುವ ಕಂಪನಿ, ನಾನ್ನೂರಕ್ಕಿಂತ ಜಾಸ್ತಿ ಔಟ್‌ಲೆಟ್ಟು.

ಇದು ಗ್ರಾಹಕರಿಗೆ ಯಾಕೆ ಅಂತ ಕೇಳ್ತೀರಾ? ಆ್ಯಪ್ ಬೇರೆ ಮಾರಾಯ್ರೆ! ಮುಂಬೈಯಲ್ಲಿ ನೀವು ಹಾಕಿಕೊಂಡ ಆ್ಯಪು ವೆಸ್ಟ್ ಮತ್ತು ಸೌತಿಂದು, ಡೆಲ್ಲಿಗೆ, ಕೋಲ್ಕತ್ತಾಕ್ಕೆ ನಾರ್ತ್ ಮತ್ತು ಈಸ್ಟಿನ ಆ್ಯಪು ಬೇರೆಯೇ ಉಂಟು. ಆಫರ್, ಮೆನು, ರೇಟು ಎಲ್ಲ ಅವರವರದ್ದು. ಮತ್ತೆ ಆ ಗೆರೆ ಎಲ್ಲಿ ಎಳೆದಿದ್ದಾರೆ ಅಂತ ನೋಡಿದ್ರೆ ಶಾಲೆಯಲ್ಲಿ ಕಲಿತ ಭೂಗೋಳ ಉಪಯೋಗಕ್ಕೆ ಬರುದಿಲ್ಲ. ಛತ್ತೀಸ್‌ಗಢ ಜತಿಯಾ ಅವರ ಪಾಲು, ಅಂದ್ರೆ ರಾಯ್‌ಪುರ ನಮ್ಮ ಕಾರ್ಕಳದ ಗುಂಪಿಗೆ ಸೇರಿತು. ಮಧ್ಯಪ್ರದೇಶವಂತೂ ಪೂರ್ತಿ ಒಬ್ಬರಿಗೂ ಇಲ್ಲ, ವೆಸ್ಟ್‌ಲೈಫಿಗೆ ಅದರಲ್ಲಿ ಕೆಲವು ಭಾಗ ಮಾತ್ರ. ಅಣ್ಣ ತಮ್ಮ ಪಾಲು ಮಾಡಿಕೊಳ್ಳುವಾಗ ತೋಟದ ಮಧ್ಯದಲ್ಲಿ ಬೇಲಿ ಬರ್ತದಲ್ಲ, ಹಾಗೆ.

ಪಾಲು ಅಂದ ಮೇಲೆ ಜಗಳ ಇಲ್ಲದೆ ಇರ್ತದಾ. 2013ರಲ್ಲಿ ಅಮೆರಿಕದ ಮೂಲ ಕಂಪನಿಯವರು ಬಕ್ಷಿ ಅವರನ್ನು ಎಂಡಿ ಸೀಟಿಂದ ಇಳಿಸಿದ್ರು, ಕೇಸು ಕೋರ್ಟು ಅಂತ ವರ್ಷಗಟ್ಟಲೆ ಎಳೀತು, 2017ರ ಜೂನಲ್ಲಿ ಡೆಲ್ಲಿಯ 55ರಲ್ಲಿ 43 ಔಟ್‌ಲೆಟ್ ಲೈಸೆನ್ಸ್ ರಿನ್ಯೂ ಆಗ್ಲಿಲ್ಲ ಅಂತ ಒಟ್ಟಿಗೆ ಬಾಗಿಲು ಹಾಕಿದ್ವು. ಅದೇ ಟೈಮಲ್ಲಿ ಮುಂಬೈ, ಪುಣೆ, ಬೆಂಗಳೂರಲ್ಲಿ ಎಂತದ್ದೂ ಆಗದವರ ಹಾಗೆ ಫ್ರೈಸ್ ಮಾರ್ತಾ ಇದ್ರು, ಯಾಕಂದ್ರೆ ಇಲ್ಲಿಯ ಕಂಪನಿಗೂ ಆ ಜಗಳಕ್ಕೂ ಸಂಬಂಧ ಇಲ್ಲ. 2019ರಲ್ಲಿ ರಾಜಿ ಆಯ್ತು, 2020ರಲ್ಲಿ ಸಂಜೀವ್ ಅಗರ್ವಾಲ್ ಅಂತ ಹೊಸಬರಿಗೆ ನಾರ್ತ್ ಮತ್ತು ಈಸ್ಟು ಕೊಟ್ರು. ಹಾಗಾಗಿ "ನಮ್ಮ ಚೈನು ದೇಶ ಇಡೀ ಉಂಟು" ಅಂತ ಜಾಹೀರಾತಲ್ಲಿ ಯಾರು ಹೇಳಿದ್ರೂ ನಾನು ಮೊದಲು ನೋಡುದು ಆ ಏರಿಯಾ ಯಾರ ಕೈಯಲ್ಲಿ ಉಂಟು ಅಂತ. ಕೆಎಫ್‌ಸಿಯನ್ನೂ ಹಾಗೆಯೇ ದೇವಯಾನಿ, ಸಫೈರ್ ಅಂತ ಎರಡು ಕಂಪನಿ ನಡೆಸಿಕೊಂಡು ಬಂದದ್ದು.

ಈಗ ನಮ್ಮ ಬದಿಗೆ ಬರುವ. ಮುಂಬೈಯಲ್ಲಿ ಇವರ ಜಾಗದ ಆಯ್ಕೆಗೆ ಕಣ್ಣು ಮುಚ್ಚಿ ಫುಲ್ ಮಾರ್ಕು. ವಿಟಿ (ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿನ ಎದುರಿಂದು ನೋಡಿ, ಸಬ್‌ವೇಯಿಂದ ಮೇಲೆ ಬಂದ್ರೆ ಸಾಕು, ಊರಿಂದ ಬಂದವರಿಗೆ "ಅಲ್ಲೇ ನಿಲ್ಲಿ, ನಾನು ಬರ್ತೇನೆ" ಅನ್ಲಿಕ್ಕೆ ಅದಕ್ಕಿಂತ ಒಳ್ಳೆ ಗುರುತು ಫೋರ್ಟಲ್ಲಿ ಇಲ್ಲ. ಅಂಧೇರಿ ಸ್ಟೇಷನ್ ಹತ್ರದ್ದೂ ಹಾಗೇ.

ಆದ್ರೆ ನನ್ನ ಪ್ರಕಾರ ಇವರ ಅಸಲು ಬುದ್ಧಿ ಕಾಣುದು ಕಳಂಬೋಲಿಯಲ್ಲಿ. ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಡೆ ಉಂಟಲ್ಲ, ಅದು. ಮುಂಬೈಯ ಕನ್ನಡದವರಿಗೆ ಬೇರೆ ಹೇಳ್ಬೇಕಾಗಿಲ್ಲ. ಉಡುಪಿ ಮಂಗಳೂರು ಬಸ್ಸಾಗ್ಲಿ, ಹುಬ್ಬಳ್ಳಿ ಬೆಳಗಾವಿ ಬಸ್ಸಾಗ್ಲಿ, ಬುಕ್ ಮಾಡುವಾಗ ಪಿಕಪ್ ಲಿಸ್ಟಲ್ಲಿ "ಕಳಂಬೋಲಿ ಮ್ಯಾಕ್‌ಡೊನಾಲ್ಡ್ಸ್" ಅಂತ ಇರ್ತದೆ, ಅದು ಅಂಗಡಿ ಹೋಗಿ ಬಸ್‌ಸ್ಟಾಪೇ ಆಗಿಬಿಟ್ಟಿದೆ. ರಾತ್ರಿ ಊಟದ ಹೊತ್ತಿಗೆ ಹೋಗಿ ನೋಡಿ, ಹೊರಗೆ ಸಾಲಾಗಿ ಸೂಟ್‌ಕೇಸು, ಹಗ್ಗ ಕಟ್ಟಿದ ರಟ್ಟಿನ ಬಾಕ್ಸು, ಮಗು ಎತ್ತಿಕೊಂಡ ಅಮ್ಮಂದಿರು, ಬಸ್ಸಿನ ಹುಡುಗ ಫೋನಲ್ಲಿ "ಆಂಟೀ, ಹತ್ತು ನಿಮಿಷ, ಲೈಟ್ ಹತ್ರ ನಿಲ್ಲಿ" ಅಂತ ಬೊಬ್ಬೆ. ಒಂದ್ಸಲ ನಮ್ಮ ದೊಡ್ಡಮ್ಮನನ್ನು ಬಸ್ಸು ಹತ್ತಿಸ್ಲಿಕ್ಕೆ ಹೋಗಿದ್ದೆ, ಅವರು ಒಳಗೆ ಕೂತು, ತಂದ ಗೋಳಿಬಜೆ ಡಬ್ಬಿ ತೆಗೀಲಿಕ್ಕೆ ನಾಚಿಕೆ ಆಗಿ ಒಂದು ಕಾಫಿ ತಗೊಳ್ಳಿ ಅಂದ್ರು, ಕಾಫಿ ಬಂದ ಮೇಲೆ ಗೋಳಿಬಜೆಯೂ ಹೊರಗೆ ಬಂತು. ಪಕ್ಕದ ಟೇಬಲಲ್ಲಿ ಬರ್ಗರ್ ತಿನ್ನುತ್ತಿದ್ದ ಹುಡುಗ ಎರಡು ಸಲ ಆ ಡಬ್ಬಿ ಕಡೆ ನೋಡಿದ, ದೊಡ್ಡಮ್ಮ ಅವನಿಗೂ ಎರಡು ಕೊಟ್ರು. ಯಾರೂ ಏಳಿ ಅನ್ಲಿಲ್ಲ.

ಇನ್ನೊಂದು ಮಜಾ ಎಂತದ್ದು ಅಂದ್ರೆ ಈ ಮ್ಯಾಪು ಇಲ್ಲಿ ದಪ್ಪ ಇರ್ಲಿಕ್ಕೆ ಕಾರಣವೂ ಇದೇ ಸುತ್ತಮುತ್ತ ಉಂಟು. ಟಿಕ್ಕಿ ಪ್ಯಾಟಿ ಮಾಡಿ ಕೊಡ್ತಾ ಬಂದ ವಿಸ್ಟಾ ಫ್ಯಾಕ್ಟರಿ ತಳೋಜಾದಲ್ಲಿ, ಕಳಂಬೋಲಿಯಿಂದ ಹಾರಿದ್ರೆ ಸಿಗ್ತದೆ. ಚೀಸು ಬಾರಾಮತಿಯ ಡೈನಾಮಿಕ್ಸ್ ಡೈರಿಯಿಂದ, ಅದು ಪುಣೆ ಜಿಲ್ಲೆಯೇ. ಮೆಕೇನಿನವರ ಫ್ರೈಸ್ ಫ್ಯಾಕ್ಟರಿ ಗುಜರಾತಿನ ಮೆಹ್ಸಾಣಾದಲ್ಲಿ. ಎಲ್ಲ ಫ್ರೋಜನ್ ಮಾಲು, ಫ್ಯಾಕ್ಟರಿಯಿಂದ ಕೌಂಟರ್ ವರೆಗೆ ತಂಪು ತಪ್ಪದ ಹಾಗೆ ಲಾರಿ ಹೋಗ್ಬೇಕು. ಒಂದು ಊರಲ್ಲಿ ಒಂದೇ ಅಂಗಡಿಗೋಸ್ಕರ ಆ ಲಾರಿ ಅಷ್ಟು ದೂರ ಓಡಿದ್ರೆ ಲಾಭ ದಾರಿಯಲ್ಲೇ ಖಾಲಿ. ಹಾಗಾಗಿ ಇವರು ಒಂದು ಸಿಟಿಗೆ ಹೋದ್ರೆ ಗುಂಪು ಗುಂಪಾಗಿ ಹೋಗುದು, ಆಮೇಲೆ ಹೈವೇ ಹಿಡಿದು ಒಂದೊಂದೇ ಮುಂದೆ. ಪುಣೆಯಲ್ಲಿ ಸಾಲು ಸಾಲು ಸಿಗ್ಲಿಕ್ಕೆ, ಸಣ್ಣ ಊರವರು "ನಮಗೆ ಯಾವಾಗ" ಅಂತ ಕಾಯ್ಲಿಕ್ಕೆ ಕಾರಣ ಇದೇ ಇರ್ಬೇಕು ಅಂತ ನನ್ನ ಅಂದಾಜು. 2024ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರ ಜೊತೆ ಸೇರಿ ಸಿರಿಧಾನ್ಯದ ಬನ್ನು ತಂದ್ರು, ನಮ್ಮ ಸ್ಟೇಟಿನ ಹೆಸರು ಅಲ್ಲಾದ್ರೂ ಬಂತು ಬಿಡಿ.

ಡಾಮಿನೋಸ್ ಇದಕ್ಕೆ ಉಲ್ಟಾ. ಜುಬಿಲೆಂಟ್ ಅಂತ ಒಂದೇ ಕಂಪನಿ ಇಡೀ ದೇಶಕ್ಕೆ, ಔಟ್‌ಲೆಟ್ಟು 2000 ದಾಟಿದ್ದು, ಆ್ಯಪೂ ಒಂದೇ, ಡೆಲ್ಲಿಯಲ್ಲಿ ಇಳಿದ್ರೂ ಅದೇ ಲಾಗಿನ್ನು. ಕೂರ್ಲಿಕ್ಕೆ ದೊಡ್ಡ ಜಾಗ ಬೇಡ, ಜಾಸ್ತಿ ವ್ಯಾಪಾರ ಡೆಲಿವರಿಯಲ್ಲಿ, ಒಂದು ಓವನ್ನು ಮತ್ತೆ ನಾಲ್ಕು ಬೈಕು ಇದ್ರೆ ಸಣ್ಣ ಊರಲ್ಲೂ ನಡೀತದೆ. ಆದ್ರೆ ರಾತ್ರಿ ಬಸ್ಸಿಗೆ ಎರಡು ಗಂಟೆ ಕಾಯ್ಬೇಕಾದವನಿಗೆ ಆ ಸಣ್ಣ ಅಂಗಡಿ ಪ್ರಯೋಜನ ಇಲ್ಲ, ಅಲ್ಲಿ ಮ್ಯಾಕೇ ಸೈ.

ಮುಂಬೈಯದ್ದೇ ವಡಾಪಾವ್ ಚೈನುಗಳನ್ನೂ ಹೇಳ್ಬೇಕು. ಜಂಬೋ ಕಿಂಗ್ 2001ರಲ್ಲಿ ಮಲಾಡ್ ಸ್ಟೇಷನ್ ಹತ್ರ ಶುರು, ಗೋಲಿ 2004ರಲ್ಲಿ ಕಲ್ಯಾಣಲ್ಲಿ. ಜಂಬೋ ಕಿಂಗಿನವರು ತುಂಬ ಕಾಲ ಲೋಕಲ್ ಟ್ರೈನ್ ಸ್ಟೇಷನ್ನಿನ ಸುತ್ತಮುತ್ತವೇ ಜಾಸ್ತಿ ಇದ್ದದ್ದು, ಗೋಲಿ ಮಾತ್ರ ಬೇಗನೇ ನಮ್ಮ ಕರ್ನಾಟಕದ ಒಳಗೆ ಬಂತು. ಮತ್ತೆ ನಮ್ಮ ಉಡುಪಿ ಹೋಟೆಲು? ಹೆಡ್ ಆಫೀಸಿಲ್ಲ, ಲೋಗೋ ಇಲ್ಲ, ಆ್ಯಪಿಲ್ಲ, ಆದ್ರೂ ಮಾಟುಂಗಾದಿಂದ ಪುಣೆ ಎಫ್‌ಸಿ ರೋಡಿನ ವರೆಗೆ ಎಲ್ಲಿ ಹೊಕ್ಕಿದ್ರೂ ಮೆನು ಹೆಚ್ಚು ಕಡಿಮೆ ಒಂದೇ. ನಾನು ಪಕ್ಷಪಾತಿ, ಗೊತ್ತು. ಆದ್ರೆ ಅಲ್ಲಿ ಫೋನ್ ಚಾರ್ಜಿಗೆ ಹಾಕಿ ಒಂದು ಗಂಟೆ ಕೂತ್ರೆ ವೈಟರು ಬಂದು ಟೇಬಲ್ ಒರೆಸ್ಲಿಕ್ಕೆ ಶುರು ಮಾಡ್ತಾರೆ, ಅದೂ ಸತ್ಯ.

ಬೇರೊಂದು ಸ್ಯಾಂಡ್‌ವಿಚ್ ಚೈನಿನ ಕಥೆಯೂ ಕೇಳಿ, ಹೆಸರು ಬೇಡ. ಅವರ ಸ್ಟೋರ್ ಲೊಕೇಟರಲ್ಲಿ "ಈಗ ತೆರೆದಿದೆ" ಅಂತ ಹಸಿರು ಅಕ್ಷರ, ರಿಕ್ಷಾ ಮಾಡಿ ಹೋದ್ರೆ ಅಂಗಡಿ ಬಿಡಿ, ಶಾಪಿಂಗ್ ಮಾಲೇ ಬಂದ್. ವಾಚ್‌ಮನ್ "ಅದು ಹೋಗಿ ವರ್ಷ ಆಯ್ತಲ್ಲ ಸಾರ್" ಅಂದ. ಅಂದಿನಿಂದ ಯಾವ ಚೈನಿಗಾದ್ರೂ ಹೋಗುವ ಮೊದಲು ಅದೇ ಔಟ್‌ಲೆಟ್ಟಿಂದ ಡೆಲಿವರಿ ಆ್ಯಪಲ್ಲಿ ಆರ್ಡರ್ ತಗೊಳ್ತಾ ಇದ್ದಾರಾ ಅಂತ ನೋಡ್ತೇನೆ, ತಗೊಳ್ತಾ ಇದ್ರೆ ಅಡುಗೆಮನೆ ಜೀವಂತ ಉಂಟು ಅಂತ ಅರ್ಥ.

ಮಾರ್ಕು ಹೇಳಿ ಮುಗಿಸ್ತೇನೆ. ಮುಂಬೈ ಪುಣೆಯೊಳಗೆ ಮತ್ತು ಎಕ್ಸ್‌ಪ್ರೆಸ್‌ವೇಗೆ ಐದಕ್ಕೆ ಐದು. ಸೌತಿಗೆ ನಾಲ್ಕು. ದೇಶ ಇಡೀ ಒಂದೇ ಚೈನು ಅಂತ ನಂಬಿ ತಿರುಗುವವರಿಗೆ ಎರಡೂವರೆ, ಆ ಎರಡು ಆ್ಯಪು ಒಂದಾಗುವ ವರೆಗೆ ಜಾಸ್ತಿ ಕೊಡುದಿಲ್ಲ. ವೆಸ್ಟ್‌ಲೈಫಿನವರು 2027ಕ್ಕೆ 580ರಿಂದ 630 ಔಟ್‌ಲೆಟ್ ಮಾಡ್ತೇವೆ ಅಂತ ಹೇಳಿದ್ದಾರೆ, ಮಾಡ್ಲಿ, ಅದರಲ್ಲಿ ನಾಲ್ಕಾದ್ರೂ ಪುಣೆ–ಬೆಂಗಳೂರು ಹೈವೇಯಲ್ಲಿ ಕೊಲ್ಹಾಪುರದಿಂದ ಈಚೆಗೆ, ಬಸ್ಸು ನಿಲ್ಲಿಸ್ಲಿಕ್ಕೆ ಜಾಗ ಇರುವ ಹಾಗೆ ಇಡ್ಲಿ.