ಟೋಟಲ್ ಲಾಸ್ ದುಡ್ಡೋ, ರಿಪೇರಿಯೋ? ನನ್ನ ಓಟು ರಿಪೇರಿಗೆ

ನಮ್ಮ ಮನೆಯಲ್ಲಿ ಎರಡೂ ಆಗಿದೆ. ಸ್ವಿಫ್ಟ್ ಟೋಟಲ್ ಲಾಸ್‌ಗೆ ಹೋಯಿತು, ಅಂದರೆ ರಿಪೇರಿ ಬೇಡ ಅಂತ ವಿಮಾ ಕಂಪನಿ ದುಡ್ಡು ಕೊಟ್ಟು ಮುಗಿಸಿತು. ಆಮೇಲೆ ಪೆಟ್ಟು ತಿಂದ ವ್ಯಾಗನ್ ಆರ್ ರಿಪೇರಿಯಾಗಿ ಮನೆಗೆ ಬಂತು. "ಪೂರ್ತಿ ದುಡ್ಡು ಸಿಕ್ಕಿತಲ್ಲ, ಲಾಭವೇ ಆಯ್ತಲ್ಲ ಮಾಷ್ಟ್ರೇ" ಅನ್ನುವವರು ಕೇರಳದ ನಮ್ಮ ಕುಂಬಳೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೈಗೆ ಬಂದ ದುಡ್ಡಿಗೆ ಅಂಥದ್ದೇ ಕಾರು ಸಿಗಲಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಶೇಕಡಾ 75 ದಾಟಿದರೆ ಕಂಪನಿ ಟೋಟಲ್ ಲಾಸ್ ಅನ್ನುತ್ತದೆ. ಕಾರಿಗೆ 5 ವರ್ಷ ತುಂಬಿದ ಮೇಲೆ ಐಡಿವಿಗೆ ಸಿದ್ಧ ಪಟ್ಟಿ ಇಲ್ಲ, ಕಂಪನಿಯೂ ನಾವೂ ಒಪ್ಪಿದ್ದೇ ಲೆಕ್ಕ. ಪ್ರೀಮಿಯಂ ಕಡಿಮೆ ಮಾಡಿಸಲು ಏಜೆಂಟರು ಮೊದಲು ಕೈ ಹಾಕುವುದು ಇದಕ್ಕೇ. ಐಡಿವಿ 4 ಲಕ್ಷ ಇದ್ದರೆ ಗೆರೆ 3 ಲಕ್ಷಕ್ಕೆ ಬೀಳುತ್ತದೆ. ಅದನ್ನು 2.8 ಲಕ್ಷಕ್ಕೆ ಇಳಿಸಿದರೆ 2.1 ಲಕ್ಷದ ಎಸ್ಟಿಮೇಟಿಗೇ ಕಾರು ಗುಜರಿಗೆ. ಶೋರೂಮಿನ ಗ್ಯಾರೇಜಿನಲ್ಲಿ ಎಲ್ಲದಕ್ಕೂ ಹೊಸ ಪಾರ್ಟಿನ ರೇಟು ಬರೆದರೆ ಆ ಮೊತ್ತ ಎಷ್ಟು ಹೊತ್ತಿಗೆ ಆಗುತ್ತದೆ ಹೇಳಿ.

ಅದಾದರೂ ಹೋಗಲಿ. ನಿಜವಾದ ತಲೆನೋವು ಆರ್‌ಸಿ, ಅಂದರೆ ಕಾರಿನ ನೋಂದಣಿ ಪತ್ರ. ಸ್ವಿಫ್ಟ್ ಹೆಂಡತಿಯ ಹೆಸರಿನಲ್ಲಿತ್ತು, ತವರಿನ ವಿಳಾಸ, ಕೆಎ 19 ನಂಬರು. ಕಾರು ಕೆಟ್ಟದ್ದು ಕೇರಳದಲ್ಲಿ, ಆರ್‌ಸಿ ರದ್ದು ಮಾಡಬೇಕಾದ್ದು ಮಂಗಳೂರಿನ ಆರ್‌ಟಿಒದಲ್ಲಿ. ರದ್ದಾಗದೆ ಕಂಪನಿ ದುಡ್ಡು ಬಿಡುವುದಿಲ್ಲ. ಕಾರು ಬಳಸಲಾಗದ ಹಾಗೆ ಹಾಳಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಸರಿ ಅಂತ ಹೋದರೆ, ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರು! ಸಾಲ ತೀರಿ ಎಷ್ಟೋ ಕಾಲವಾಗಿತ್ತು. ಸಾಲ ತೀರಿತು ಅಂತ ಆ ಹೆಸರು ತಾನಾಗಿ ಅಳಿಯುವುದಿಲ್ಲ. ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಬೇಕು, ಆ ಹೆಸರು ತೆಗೆಸುವ ಫಾರಂ 35 ಬೇಕು. ಅಲ್ಲಿಯವರೆಗೆ ದುಡ್ಡು ಬ್ಯಾಂಕಿಗೆ ಹೋಗಬೇಕೋ ನಮಗೋ ಅಂತ ಕಂಪನಿಯವರದ್ದು ಬೇರೆ ರಾಗ. ನಡುವೆ ಎಲ್ಲೋ ಬಾಕಿ ಉಳಿದ ಇ-ಚಲನ್ ಒಂದು ಎದ್ದು ಕೂತಿತು, ಅದನ್ನು ಕಟ್ಟದೆ ಅರ್ಜಿ ಮುಂದೆ ಹೋಗಲಿಲ್ಲ. ಮಂಗಳೂರಿಗೆ ಓಡಾಡಿ ಓಡಾಡಿ ಗಡಿಯ ತಲಪಾಡಿ ಟೋಲಿನವನಿಗೆ ನನ್ನ ಮುಖ ಪರಿಚಯವಾಯಿತು.

"ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸುಮ್ನೆ ಸಹಿ ಹಾಕಿ ಕೊಡಿ, ಗುಜರಿಯವನು ಕಾರು ತಗೊಂಡು ಹೋಗ್ತಾನೆ" ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಮಾರಿದ ಮೇಲೂ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರ ಅವರ ತಲೆಗೇ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಗುಜರಿ ಕಾರು ನಾಳೆ ಎದ್ದು ಓಡಿ ಯಾರಿಗಾದರೂ ಗುದ್ದಿದರೆ?

ಇನ್ನು ವ್ಯಾಗನ್ ಆರ್. ಬಂದ್ಯೋಡಿನ ಹತ್ತಿರ ಟಿಪ್ಪರ್ ತಾಗಿ ಎಡಗಡೆ ಪೂರ್ತಿ ಒಳಗೆ ಹೋಗಿತ್ತು. ಕೆಎಲ್ 14 ನಂಬರು, ಐಡಿವಿ ಇಳಿಸಿರಲಿಲ್ಲ. ಬಾಗಿಲು ಹೊಸದೇ ಬೇಕಾ, ಟಿಂಕರಿಂಗ್ ಸಾಕಾ ಅಂತ, ನಷ್ಟದ ಅಂದಾಜು ಮಾಡುವ ಸರ್ವೇಯರ್ ಎದುರಿಗೇ ನಿಂತು ಮಾತಾಡಿದೆವು. ಒಂದು ಬಾಗಿಲು ಉಳಿಯಿತು, ಎಸ್ಟಿಮೇಟು ಗೆರೆಯ ಕೆಳಗೆ ಬಂತು. ಕೈಯಿಂದಲೂ ಹೋಯಿತು ಅನ್ನಿ. ಝೀರೋ ಡೆಪ್ (ಪಾರ್ಟು ಹಳತಾಯಿತು ಅಂತ ದುಡ್ಡು ಕಡಿಯದ ಹೆಚ್ಚುವರಿ ವಿಮೆ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಪಾರ್ಟುಗಳಿಗೆ ಅರ್ಧ ದುಡ್ಡು ನಮ್ಮದೇ. ಬಂಪರ್ ಅಂದರೆ ಪ್ಲಾಸ್ಟಿಕ್ಕೇ ಅಲ್ವಾ. ಗಾಜಿಗೆ ಮಾತ್ರ ಕಡಿತ ಇಲ್ಲ. ಪ್ರತಿ ಕ್ಲೇಮಿಗೂ ನಾವೇ ಹಾಕಬೇಕಾದ ಕಡ್ಡಾಯ ಕಡಿತ 1,000 ರೂಪಾಯಿ, 1500 ಸಿಸಿ ವರೆಗಿನ ಕಾರಿಗೆ ಅಷ್ಟೇ.

ಪೊಲೀಸ್ ಸ್ಟೇಷನ್ನಿನ ಜಿ.ಡಿ. (ಠಾಣೆಯ ದಿನಚರಿ) ಎಂಟ್ರಿ ಎರಡು ಸಲವೂ ಕೇಳಿದರು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎರಡರಲ್ಲೂ ಹೋಯಿತು.

ಟೋಟಲ್ ಲಾಸ್ ದುಡ್ಡಿಗೆ ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗಬಹುದು. ಆದರೆ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಓಡಿಸಬೇಕೆಂದರೆ ಕೇರಳದ ನಂಬರು ಮಾಡಿಸಬೇಕು, ಇಲ್ಲಿಯ ತೆರಿಗೆ ಬೇರೆ. ಮೇಷ್ಟ್ರ ಸಂಬಳಕ್ಕೆ ಅದು ಭಾರ. ನಾನು ಕಾರು ಕೊಂಡರೆ ಹತ್ತು ವರ್ಷ ಬಿಡುವವನಲ್ಲ, ಹಾಗಾಗಿ ಬಂಪರಿನ ಅರ್ಧ ದುಡ್ಡು ಕೊಡುವುದೇ ವಾಸಿ. ಚಾಸಿ ಬಾಗಿದ್ದರೆ ಅಥವಾ ಮಳೆಗಾಲದಲ್ಲಿ ಹೊಳೆ ನೀರು ಡ್ಯಾಶ್‌ಬೋರ್ಡಿನವರೆಗೆ ಬಂದಿದ್ದರೆ ಮಾತ್ರ ರಿಪೇರಿ ಹಟ ಬೇಡ, ಟೋಟಲ್ ಲಾಸ್‌ಗೇ ಒಪ್ಪಿಕೊಳ್ಳಿ. ಅದಕ್ಕೂ ಮೊದಲು ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ.