ರಾಯಚೂರಿನ ಮನೆಗೆ ಜೀಜೀ ಸೈ, ಕಲಾಥಿಯಾ ಬೇಡ

ಆಂಧ್ರದ ಕಡಿಯಂ ನರ್ಸರಿಗಳಿಂದ ಬರುವ ಒಳಾಂಗಣ ಗಿಡಗಳು ಅಂಗಡಿಯ ಹಸಿರು ಬಲೆಯ ಕೆಳಗೆ ಒಂದಕ್ಕಿಂತ ಒಂದು ಚೆಂದ ಕಾಣುತ್ತವೆ. ಅವು ಗೋದಾವರಿ ಬಯಲಿನ ತೇವದ ಗಾಳಿ ಕುಡಿದು ಬೆಳೆದವು. ರಾಯಚೂರಿನಲ್ಲಿ ಬೆಳಕಿಗೆ ಬರವಿಲ್ಲ. ಗಿಡವನ್ನು ಕೊಲ್ಲುವುದು 40 ಡಿಗ್ರಿ ದಾಟಿದ ಮೇಲಿನ ಒಣಗಾಳಿ ಮತ್ತು ಬೋರಿನ ಸವಳು ನೀರು. ಇಲ್ಲಿ ಒಂದೊಂದು ಗಿಡಕ್ಕೂ ಐದರಲ್ಲಿ ಅಂಕ ಕೊಟ್ಟಿರುವುದು ಇವೆರಡನ್ನೂ ನೋಡಿಯೇ.

ಜೀಜೀ (ZZ) ಗಿಡಕ್ಕೆ ಐದಕ್ಕೆ ಐದು. ಆಲೂಗಡ್ಡೆಯಂಥ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಕಿಟಕಿಯಿಂದ ಆರೇಳು ಅಡಿ ದೂರವಿದ್ದರೂ ಬದುಕುತ್ತದೆ. ಬೇಸಿಗೆಯಲ್ಲೂ 15 ದಿನಕ್ಕೊಮ್ಮೆ ನೀರು ಸಾಕು. ದಿನಾ ಒಂದು ಲೋಟ ಹಾಕಿದರೆ ಬುಡ ಮೆತ್ತಗಾಗಿ, ಕಾಂಡ ಹಳದಿ ತಿರುಗಿ ವಾಲುತ್ತದೆ. ಸ್ನೇಕ್ ಪ್ಲಾಂಟ್ ಕೂಡ ಇದೇ ಸಾಲಿನದು. ಮನಿ ಪ್ಲಾಂಟ್‌ಗೆ ನಾಲ್ಕು.

ಅರೇಕಾ ಪಾಮ್‌ಗೆ ಮೂರು. ಗರಿಯ ತುದಿ ಕಂದಾದರೆ ನೀರು ಸಾಲಲಿಲ್ಲವೆಂದು ಇನ್ನಷ್ಟು ಸುರಿಯುವವರೇ ಹೆಚ್ಚು. ಮೊದಲು ಕುಂಡದ ಅಂಚು ನೋಡಿ. ಅಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಬೋರಿನ ನೀರಿನ ಉಪ್ಪು. ಎಂಟಿಂಚಿನ ಕುಂಡಕ್ಕೆ ತಿಂಗಳಿಗೊಮ್ಮೆ ಮಳೆನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ನಾಲ್ಕೈದು ಲೀಟರ್ ನಿಧಾನಕ್ಕೆ ಹಾಕಿ, ತಳದ ತೂತಿನಿಂದ ಪೂರ್ತಿ ಹರಿದುಹೋಗಲು ಬಿಡಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಲೇಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಗರಿಯಡಿ ಸಣ್ಣ ಬಲೆ ಕಂಡರೆ ನುಸಿ ಹತ್ತಿದೆ ಎಂದರ್ಥ. ನೀರಿನಿಂದ ತೊಳೆದು, ಲೀಟರ್‌ಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಚಿತ್ತಾರದ ಎಲೆಯ ಕಲಾಥಿಯಾಗೆ ಒಂದೇ. ಮಧ್ಯಾಹ್ನದ ಹೊತ್ತಿಗೆ ಎಲೆ ಸುರುಳಿ ಸುತ್ತುತ್ತದೆ, ವಾರದಲ್ಲಿ ಅಂಚು ಒಣಗಿದ ಸಂಡಿಗೆಯಂತೆ ಮುರಿಯುತ್ತದೆ. ನೀರಿನ ಕೂಲರ್ ಓಡುವ ಕೋಣೆಯಲ್ಲಿ, ಗಾಳಿ ನೇರ ಬಡಿಯದ ಮೂಲೆಯಲ್ಲಿಟ್ಟರೆ ಉಳಿದೀತು. ಎಸಿ ಕೋಣೆಯಲ್ಲಿ ಉಳಿಯುವುದು ಕಷ್ಟ.

ಕುಂಡಕ್ಕೆ ಹೊಲದ ಕಪ್ಪು ಎರೆಮಣ್ಣು ತುಂಬಬೇಡಿ. ನೆನೆದರೆ ಉಬ್ಬಿ ಗಾಳಿ ಆಡಗೊಡದು, ಒಣಗಿದರೆ ಬಿರಿದು ಬೇರನ್ನು ಹರಿದುಹಾಕುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು ಹದವಾದ ಮಿಶ್ರಣ. ರೈಸ್ ಮಿಲ್ಲುಗಳ ಈ ಸೀಮೆಯಲ್ಲಿ ಹೊಟ್ಟಿಗೇನು ಕೊರತೆ! ಜೀಜೀಗೆ ಇನ್ನೊಂದು ಪಾಲು ದಪ್ಪ ಮರಳು ಸೇರಿಸಿ.

ಅರೇಕಾ ಕೊಳ್ಳುವುದಿದ್ದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ತನ್ನಿ, ಬೇಸಿಗೆಗೆ ಮೊದಲು ಬೇರು ಕುದುರಲು ಸಮಯ ಸಿಗುತ್ತದೆ.